ವಿಮಾನ ಹತ್ತುವ ಮೊದಲು: ಬಂದೂಕಿನ ಅಪಾಯ ಮತ್ತು ಇಂಗ್ಲಿಷ್ ಬಾರದ ಮನೆಮಂದಿ



ದತ್ತಿ ಉಪನ್ಯಾಸ ಎಂದ ಕೂಡಲೇ ಪಂಪನೋ, ವಚನವೋ, ದಾಸಸಾಹಿತ್ಯವೋ ವಿಷಯವಾಗಿರುತ್ತದೆ ಎಂದುಕೊಂಡು ಬಂದವರು ಹೈದರಾಬಾದಿನ ಈ ಕನ್ನಡ ಸಭೆಯಲ್ಲಿ ಹಲವರಿದ್ದೀರಿ. ನಾನು ಆರಿಸಿಕೊಂಡ ವಿಷಯ ಬಂದೂಕು. ಹೆಸರು ಹೇಳಿದಾಗ ಸಂಘಟಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ನಮ್ಮವರ ಮಕ್ಕಳು ಎಷ್ಟೋ ಜನ ಅಮೆರಿಕದಲ್ಲೇ ಇದ್ದಾರಲ್ಲ, ಮಾತಾಡಿ' ಎಂದು ಒಪ್ಪಿದರು. ಅವರ ಉದಾರತೆಗೆ ಕೃತಜ್ಞ.

ಮೊದಲು ಮಾತಿನ ಮೇರೆಯನ್ನು ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಬಂದೂಕು ಇರಬೇಕೋ ಬೇಡವೋ ಎಂಬ ವಾದಕ್ಕೆ ನಾನು ಕೈಹಾಕುವುದಿಲ್ಲ. ಅದು ಅವರ ಸಂವಿಧಾನ, ಅವರ ಚುನಾವಣೆ, ಅವರ ಜಗಳ. ನಾನು ವೈದ್ಯನಲ್ಲ, ವಕೀಲನೂ ಅಲ್ಲ. ಸರ್ಕಾರಿ ಕಾಗದಪತ್ರಗಳನ್ನು ಜನ ಓದುವ ಭಾಷೆಗೆ ತರುವ ಕೆಲಸದಲ್ಲಿ ಬಹಳ ವರ್ಷ ಕಳೆದವನು. ಹಾಗಾಗಿ ನನ್ನ ಪ್ರಶ್ನೆಯೂ ಕಾಗದದ ಪ್ರಶ್ನೆಯೇ. ಗುಂಡೇಟಿನ ಸಾವನ್ನು ತಪ್ಪಿಸುವ ತಿಳಿವಳಿಕೆ ಆ ದೇಶದಲ್ಲಿ ಬೇಕಾದಷ್ಟಿದೆ, ಬಹುಪಾಲು ಇಂಗ್ಲಿಷಿನಲ್ಲಿದೆ. ಅದು ಇಂಗ್ಲಿಷ್ ಬಾರದ ತಾಯಿ, ತಂದೆ, ಅತ್ತೆ, ಮಾವಂದಿರನ್ನು ಹೇಗೆ ಮುಟ್ಟಬೇಕು? ಇವರು ಯಾರು ಎಂಬುದನ್ನು ಮೊದಲು ನೋಡೋಣ. ಆಮೇಲೆ ಮನೆಯೊಳಗಿನ ಬಂದೂಕು, ಅದಾದ ಮೇಲೆ ಫೋನು, ಕೊನೆಗೆ ಈ ಊರು ಏನು ಮಾಡಬಹುದು ಎಂಬುದು. ನನ್ನ ಅಭಿಪ್ರಾಯವನ್ನು ಬಚ್ಚಿಡುವುದಿಲ್ಲ: ಈ ಕೆಲಸ ಡಲ್ಲಾಸಿನಲ್ಲೋ ಅಟ್ಲಾಂಟಾದಲ್ಲೋ ಆಗುವುದಕ್ಕಿಂತ ಮೊದಲು ಹೈದರಾಬಾದಿನಲ್ಲಿ, ವಿಮಾನ ಹತ್ತುವ ಮುಂಚೆಯೇ ಆಗಬೇಕು.

ಈಗ ಮೊದಲನೆಯ ವಿಷಯಕ್ಕೆ ಬರುತ್ತೇನೆ.

ಅಮೆರಿಕದ ಕಚೇರಿಗಳಲ್ಲಿ ಇಂಗ್ಲಿಷ್ ಸರಿಯಾಗಿ ಬಾರದವರಿಗೆ 'ಲಿಮಿಟೆಡ್ ಇಂಗ್ಲಿಷ್ ಪ್ರೊಫಿಶಿಯೆನ್ಸಿ' ಉಳ್ಳವರು ಎಂಬ ಒಂದು ವರ್ಗವಿದೆ. ಈ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರನ್ನು ನೋಡಿ. ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು ನಿಜಾಮರ ರಾಜ್ಯದಲ್ಲಿದ್ದಾಗಲೋ, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲೋ ಕಾಚಿಗೂಡ, ಬರ್ಕತ್‌ಪುರ, ನಲ್ಲಕುಂಟದ ಕಡೆ ಬಂದು ನೆಲೆಸಿದ ಮನೆತನಗಳವರು. ಶಾಲೆಯಲ್ಲಿ ಉರ್ದು ಕಲಿತರು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ಮೂರು ಲಿಪಿ ಓದಬಲ್ಲರು. ಅಂಥವರೊಬ್ಬರು ಮಗಳ ಬಾಣಂತನಕ್ಕೆಂದು ಟೆಕ್ಸಸಿಗೆ ಹೋಗಿ ಇಳಿದ ಗಳಿಗೆಗೆ ಆ ವರ್ಗಕ್ಕೆ ಸೇರಿಬಿಡುತ್ತಾರೆ. ಅವರ ಜಾಣತನ ವಿಮಾನದಲ್ಲಿ ಕಳೆದುಹೋಗಿರುವುದಿಲ್ಲ. ಕೇಳುವವರು ಇರುವುದಿಲ್ಲ, ಅಷ್ಟೆ.

ಇವರಲ್ಲದೆ ಇನ್ನೂ ಎರಡು ಗುಂಪುಗಳಿವೆ. ಒಂದು, ಎಲ್ಲಿಗೂ ಹೋಗದೆ ಇಲ್ಲೇ ಉಳಿದ ತಂದೆ ತಾಯಿ. ಮಗನ ಕೋಣೆಯಲ್ಲಿ ಏನಿದೆ ಎಂಬುದು ಇವರಿಗೆ ವಾಟ್ಸಾಪಿನ ಪರದೆಯಲ್ಲಿ ಕಂಡಷ್ಟೇ. ಇನ್ನೊಂದು ಗುಂಪನ್ನು ಹೆಸರಿಸಿದರೆ ನೀವು ಹುಬ್ಬೇರಿಸಬಹುದು: ಆ ಮಗನೇ. 2023-24ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಭಾರತದ ವಿದ್ಯಾರ್ಥಿಗಳು 3,31,602 ಮಂದಿ ಇದ್ದರು. ಇವರಲ್ಲಿ ಹೆಚ್ಚಿನವರು ಇಂಗ್ಲಿಷ್ ಪರೀಕ್ಷೆ ಪಾಸು ಮಾಡಿದವರೇ. ಆದರೆ ಪರೀಕ್ಷೆಯ ಇಂಗ್ಲಿಷ್ ಬೇರೆ. ರಾತ್ರಿ ಎರಡು ಗಂಟೆಗೆ ಪೆಟ್ರೋಲ್ ಬಂಕಿನ ಗಲ್ಲಾದ ಮುಂದೆ ಮುಸುಕು ಹಾಕಿಕೊಂಡವನೊಬ್ಬ ಅರಚುವ ಇಂಗ್ಲಿಷ್ ಬೇರೆ. ಪೊಲೀಸ್ ಅಧಿಕಾರಿ ಟಾರ್ಚು ಬಿಟ್ಟು ಕೂಗುವ ಇಂಗ್ಲಿಷಂತೂ ಇನ್ನೂ ಬೇರೆ. ಗಾಬರಿಯಲ್ಲಿ ಮನುಷ್ಯನಿಗೆ ಅರ್ಥವಾಗುವುದು ಅಮ್ಮನ ಭಾಷೆ ಮಾತ್ರ.

ಈ ಊರಿಗೆ ಇದು ದೂರದ ವಿಷಯವಲ್ಲ. 2017ರ ಫೆಬ್ರವರಿ 22ರ ಸಂಜೆ ಕಾನ್ಸಾಸ್ ರಾಜ್ಯದ ಓಲೇತ ಎಂಬ ಊರಿನ ಬಾರೊಂದರಲ್ಲಿ ಶ್ರೀನಿವಾಸ ಕೂಚಿಭೊಟ್ಲ ಗುಂಡಿಗೆ ಬಲಿಯಾದರು. ವಯಸ್ಸು 32, ಗಾರ್ಮಿನ್ ಕಂಪನಿಯ ಎಂಜಿನಿಯರ್, ಹೈದರಾಬಾದಿನ ಮನೆಮಗ. ಜೊತೆಗಿದ್ದ ಗೆಳೆಯನಿಗೂ, ಕೊಲೆಗಾರನನ್ನು ಹಿಡಿಯಲು ಹೋದ ಇಯಾನ್ ಗ್ರಿಲಟ್ ಎಂಬ ಅಮೆರಿಕದ ಯುವಕನಿಗೂ ಗುಂಡು ತಗುಲಿತು; ಇಬ್ಬರೂ ಬದುಕಿಕೊಂಡರು. ಕೊಂದವನು ಇವರನ್ನು ಇರಾನಿನವರೆಂದು ತಿಳಿದಿದ್ದ. 2018ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

ಆ ದಿನಗಳಲ್ಲಿ ಅಲ್ಲಿಯ ತೆಲುಗು ಸಂಘವೊಂದು ತನ್ನವರಿಗೆ ಕೆಲವು ಸೂಚನೆಗಳನ್ನು ಹೊರಡಿಸಿತು. ಯಾರಾದರೂ ಕೆಣಕಿದರೆ ವಾದಕ್ಕಿಳಿಯಬೇಡಿ, ನಿರ್ಜನ ಜಾಗಕ್ಕೆ ಒಬ್ಬರೇ ಹೋಗಬೇಡಿ, ಆಪತ್ತು ಬಂದರೆ 911ಕ್ಕೆ ಫೋನ್ ಮಾಡಿ. ಜೊತೆಗೆ ಇನ್ನೊಂದು: ಹೊರಗಡೆ ಮಾತೃಭಾಷೆಯಲ್ಲಿ ಮಾತಾಡಬೇಡಿ, ಜನ ತಪ್ಪು ತಿಳಿದಾರು. ಈ ಕೊನೆಯ ಸೂಚನೆಯನ್ನು ಬರೆದವರನ್ನು ನಾನು ಹಳಿಯುವುದಿಲ್ಲ. ಹೆಣ ಇನ್ನೂ ಊರು ಮುಟ್ಟಿರದ ಹೊತ್ತಿನಲ್ಲಿ ಹೆದರಿದವರು ಬರೆದದ್ದು ಅದು. ಆದರೆ ಅದನ್ನು ಪಾಲಿಸಬೇಕಾದರೆ ಇಂಗ್ಲಿಷ್ ಬರಬೇಕು. ಆರು ತಿಂಗಳಿಗೆಂದು ಹೋದ ಅತ್ತೆ ಏನು ಮಾಡಬೇಕು, ಬಾಯಿ ಹೊಲಿದುಕೊಳ್ಳಬೇಕೆ? ಗುಂಡಿನಿಂದ ತಪ್ಪಿಸಿಕೊಳ್ಳುವ ಬುದ್ಧಿಮಾತು ಇಂಗ್ಲಿಷ್ ಬಲ್ಲವರಿಗೆ ಮಾತ್ರ ಉಪಯೋಗಕ್ಕೆ ಬರುವಂತಿದ್ದರೆ ಅದು ಅರ್ಧ ಮನೆಗೆ ಹೇಳಿದ ಬುದ್ಧಿ.

ಓಲೇತ ಕೊನೆಯದಾಗಲಿಲ್ಲ. 2019ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ ಮೈಸೂರಿನ ವಿದ್ಯಾರ್ಥಿಯೊಬ್ಬನನ್ನು ಅವನು ಕೆಲಸ ಮಾಡುತ್ತಿದ್ದ ಮೋಟೆಲಿನಲ್ಲಿ ಗುಂಡಿಟ್ಟು ಕೊಂದರು. 2023ರ ಮೇ 6ರಂದು ಟೆಕ್ಸಸಿನ ಆಲನ್ ಪಟ್ಟಣದ ಮಾಲಿನಲ್ಲಿ ಸತ್ತ ಎಂಟು ಮಂದಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಯುವತಿಯೂ ಇದ್ದಳು. ಆಮೇಲೂ ಪೆಟ್ರೋಲ್ ಬಂಕು, ಅಂಗಡಿಗಳಲ್ಲಿ ನಮ್ಮ ಕಡೆಯ ಹುಡುಗರು ಸತ್ತ ಸುದ್ದಿ ಬರುತ್ತಲೇ ಇದೆ. ಪಟ್ಟಿಯನ್ನು ಉದ್ದ ಮಾಡುವುದು ನನ್ನ ಉದ್ದೇಶವಲ್ಲ.

ಇಲ್ಲಿಂದ ಎರಡನೆಯ ಮಾತಿಗೆ, ಮನೆಯೊಳಗಿನ ಬಂದೂಕಿಗೆ ಹೋಗೋಣ. ಇಡೀ ಉಪನ್ಯಾಸದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲೇ.

ನಾವು ಟೀವಿಯಲ್ಲಿ ನೋಡುವುದು ಮಾಲಿನ ದಾಳಿ, ಶಾಲೆಯ ದಾಳಿ. ಲೆಕ್ಕ ಬೇರೆಯದನ್ನು ಹೇಳುತ್ತದೆ. 2023ರಲ್ಲಿ ಅಮೆರಿಕದಲ್ಲಿ ಗುಂಡೇಟಿನಿಂದ ಸತ್ತವರು 46,728 ಮಂದಿ. ಅವರಲ್ಲಿ ಸುಮಾರು 27,300 ಮಂದಿ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡವರು. ಅಂದರೆ ಅರ್ಧಕ್ಕಿಂತ ಹೆಚ್ಚು. ಅಪಾಯ ಮುಸುಕು ಹಾಕಿಕೊಂಡೇ ಬರಬೇಕೆಂದಿಲ್ಲ. ಕಪಾಟಿನಲ್ಲಿ ಮಡಿಸಿಟ್ಟ ಬಟ್ಟೆಯ ಕೆಳಗೂ ಇರಬಹುದು.

2024ರ ಜೂನ್ 25ರಂದು ಗುಂಡೇಟಿನ ಸಾವುನೋವುಗಳನ್ನು ಸಾರ್ವಜನಿಕ ಆರೋಗ್ಯದ ಬಿಕ್ಕಟ್ಟು ಎಂದು ಅಮೆರಿಕದ ಸರ್ಜನ್ ಜನರಲ್ ಒಂದು ವರದಿಯಲ್ಲಿ ಮೊದಲ ಬಾರಿಗೆ ಅಧಿಕೃತವಾಗಿ ಸಾರಿದರು. 2020ರಿಂದ ಈಚೆಗೆ ಆ ದೇಶದ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಬಂದೂಕು ಎಂದು ಆ ವರದಿ ಹೇಳಿತು. ಅದಕ್ಕೆ ಸಹಿ ಹಾಕಿದವರು ಡಾ. ವಿವೇಕ್ ಮೂರ್ತಿ. ಅವರ ತಂದೆಯ ಊರು ಮಂಡ್ಯದ ಹಲ್ಲೆಗೆರೆ. ಅವರು ಆ ಹುದ್ದೆಗೆ ಏರಿದಾಗ ನಮ್ಮ ಪತ್ರಿಕೆಗಳು ಹಲ್ಲೆಗೆರೆಯ ಹೆಸರನ್ನು ಹೆಮ್ಮೆಯಿಂದ ಅಚ್ಚು ಹಾಕಿದವು. ಆ ಹೆಮ್ಮೆಯ ಕಾಲು ಭಾಗವನ್ನಾದರೂ ವರದಿಯ ಸಾರವನ್ನು ಹಲ್ಲೆಗೆರೆಯವರು ಓದುವಂತೆ ಬರೆಯುವುದಕ್ಕೆ ಖರ್ಚು ಮಾಡಬೇಕಿತ್ತು. 2025ರ ಮಾರ್ಚಿನಲ್ಲಿ ಆ ವರದಿಯನ್ನು ಅಲ್ಲಿಯ ಆರೋಗ್ಯ ಇಲಾಖೆಯೇ ತನ್ನ ತಾಣದಿಂದ ತೆಗೆದುಹಾಕಿತು. ಸರ್ಕಾರದ ಕಪಾಟಿನಲ್ಲಿ ಮಾತ್ರ ಇರುವ ತಿಳಿವಳಿಕೆ ಸರ್ಕಾರ ಬದಲಾದಾಗ ಕಪಾಟಿನೊಡನೆಯೇ ಹೋಗುತ್ತದೆ.

ಈಗ ಹೈದರಾಬಾದಿನ ಒಂದು ಮನೆಯ ಮಾತು. 2024ರ ನವೆಂಬರಿನಲ್ಲಿ ಅಟ್ಲಾಂಟಾದಲ್ಲಿ ಓದುತ್ತಿದ್ದ ಈ ಊರಿನ ಹುಡುಗನೊಬ್ಬ ತನ್ನದೇ ಬೇಟೆಯ ಬಂದೂಕನ್ನು ಒರೆಸುವಾಗ ಗುಂಡು ಹಾರಿ ತೀರಿಕೊಂಡ. ಗೆಳೆಯರು ಪಕ್ಕದ ಕೋಣೆಯಲ್ಲಿದ್ದರು. ಅಲ್ಲಿ ವಿದ್ಯಾರ್ಥಿಗಳಿಗೂ ಬೇಟೆಯ ಬಂದೂಕಿನ ಪರವಾನಗಿ ಸಿಗುತ್ತದೆ ಎಂಬುದೇ ತನಗೆ ತಿಳಿದಿರಲಿಲ್ಲ ಎಂದು ಹುಡುಗನ ತಂದೆ ಪತ್ರಿಕೆಗಳವರಿಗೆ ಹೇಳಿದರು. ಹೆಸರನ್ನು ನಾನು ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಆ ತಂದೆಯ ಮಾತೇ ನನ್ನನ್ನು ಈ ವಿಷಯಕ್ಕೆ ತಂದು ನಿಲ್ಲಿಸಿದ್ದು.

ಅವರಿಗೆ ಹೇಗೆ ತಿಳಿದಿರಬೇಕು? ನಮ್ಮಲ್ಲಿ ಬಂದೂಕು ಎಂದರೆ 1959ರ ಶಸ್ತ್ರಾಸ್ತ್ರ ಕಾಯ್ದೆ. ಅರ್ಜಿ, ಪೊಲೀಸ್ ವರದಿ, ಜಿಲ್ಲಾಧಿಕಾರಿಯ ಅಥವಾ ಪೊಲೀಸ್ ಆಯುಕ್ತರ ಸಹಿ. ಸಾಮಾನ್ಯ ಮಧ್ಯಮ ವರ್ಗದ ಮನೆಯವರು ಬಂದೂಕನ್ನು ಹತ್ತಿರದಿಂದ ಕಂಡಿರುವುದು ಬ್ಯಾಂಕಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತ ಕಾವಲುಗಾರನ ತೊಡೆಯ ಮೇಲೆ. ಈ ಅನುಭವದ ಮೇಲೆ ನಿಂತು ಅಮೆರಿಕವನ್ನು ಊಹಿಸಿದರೆ ವಿದೇಶಿ ವಿದ್ಯಾರ್ಥಿಯ ಕೈಗೆ ಬಂದೂಕು ಹೇಗೆ ಬಂದೀತು ಎನ್ನಿಸುವುದು ಸಹಜ. ಅಲ್ಲಿಯ ಒಕ್ಕೂಟ ಕಾನೂನೂ ಹಾಗೆಯೇ ಶುರುವಾಗುತ್ತದೆ: ವಿದ್ಯಾರ್ಥಿ ವೀಸಾದಂಥ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಆದರೆ ವಿನಾಯಿತಿಗಳಿವೆ. ರಾಜ್ಯವೊಂದು ಕೊಟ್ಟ ಬೇಟೆಯ ಪರವಾನಗಿ ಚಾಲ್ತಿಯಲ್ಲಿದ್ದರೆ ಈ ನಿರ್ಬಂಧ ಅವರಿಗೆ ತಗಲುವುದಿಲ್ಲ. ಈ ಎರಡು ಸಾಲು ಅಮೀರ್‌ಪೇಟೆಯ ಕೋಚಿಂಗ್ ಸೆಂಟರುಗಳ ಗೋಡೆಯ ಮೇಲೆ ಎಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅಲ್ಲಿ ಇರುವುದೆಲ್ಲ ಅಂಕ, ಶುಲ್ಕ, ವೀಸಾ ಸಿಕ್ಕವರ ಫೋಟೋ.

ಹಾಗಾದರೆ ತಾಯಿ ಏನು ಮಾಡಬಹುದು? ಕೇಳಬಹುದು. ಪ್ರತಿರಾತ್ರಿ ಫೋನಿನಲ್ಲಿ ನಾವು ಕೇಳುವುದು ಏನು? 'ಊಟ ಆತೇನಪ್ಪಾ? ಥಂಡಿ ಭಾಳ ಅದ ಏನು? ಸ್ವೆಟರ್ ಹಾಕ್ಕೊಂಡೀಯಿಲ್ಲೋ?' ಇದರ ಜೊತೆಗೇ, ಇದೇ ದನಿಯಲ್ಲಿ, ಇನ್ನೊಂದು ಕೇಳಬೇಕು: 'ಆ ಮನ್ಯಾಗ ಯಾರ ಹತ್ರನಾದ್ರೂ ಬಂದೂಕು ಅದ ಏನು?' ನಾಲ್ಕು ಹುಡುಗರು ಒಂದು ಅಪಾರ್ಟ್‌ಮೆಂಟು ಹಂಚಿಕೊಂಡಿರುತ್ತಾರೆ. ಮಗನ ಹತ್ತಿರ ಇಲ್ಲದಿರಬಹುದು, ರೂಮ್‌ಮೇಟಿನ ಹತ್ತಿರ ಇದ್ದೀತು. ಹುಡುಗ ಮೊದಲ ಸಲ ನಗುತ್ತಾನೆ. ನಗಲಿ. ಎರಡನೆಯ ಸಲ ಉತ್ತರ ಕೊಡುತ್ತಾನೆ.

ಬಂದೂಕು ಇದೆ ಎಂದರೆ ಏನು ಹೇಳಬೇಕು? ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುವುದು ಸರಳವಾಗಿದೆ. ಮನೆಯಲ್ಲಿ ಬಂದೂಕು ಇಲ್ಲದಿರುವುದೇ ಮೇಲು. ಇದ್ದರೆ ಗುಂಡು ತೆಗೆದಿಡಬೇಕು, ಬೀಗ ಹಾಕಿಡಬೇಕು, ತೋಟಾಗಳನ್ನು ಬೇರೆ ಕಡೆ ಇಟ್ಟು ಅದಕ್ಕೂ ಬೀಗ ಹಾಕಬೇಕು. ಇದನ್ನು ಕನ್ನಡದಲ್ಲಿ ಹೇಳಲು ಹೊಸ ಪದ ಒಂದೂ ಬೇಕಾಗಿಲ್ಲ. ಕೊಡಗಿನವರು ಕೋವಿಯೊಡನೆಯೇ ಬದುಕಿದವರು. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ ಮಾಡುವವರು. ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಅವರಿಗಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಕೋವಿ, ನಳಿಕೆ, ಕುದುರೆ, ತೋಟಾ, ಚರೆ ಎಲ್ಲವೂ ನಮ್ಮಲ್ಲಿ ದಿನಬಳಕೆಯ ಮಾತುಗಳೇ. ಇದನ್ನು ಕರಪತ್ರವಾಗಿ ಬರೆಯುವವರು ನಿಘಂಟಿನ ಬದಲು ಮಡಿಕೇರಿಯ ಕಾಫಿ ಬೆಳೆಗಾರರೊಬ್ಬರನ್ನು ಕೂರಿಸಿಕೊಂಡರೆ ಸಾಕು.

ಮೊಮ್ಮಕ್ಕಳ ವಿಷಯ ಇನ್ನೂ ನಾಜೂಕು. ಅಮೆರಿಕದಲ್ಲಿ ಪ್ರತಿವರ್ಷ ಜೂನ್ 21ರಂದು ತಂದೆ ತಾಯಿಗಳಿಗೆ ಒಂದು ಪ್ರಶ್ನೆಯನ್ನು ಕಲಿಸುವ ಪ್ರಚಾರ ನಡೆಯುತ್ತದೆ: ನನ್ನ ಮಗು ಆಡಲು ಬರುವ ನಿಮ್ಮ ಮನೆಯಲ್ಲಿ ಬೀಗ ಹಾಕದ ಬಂದೂಕು ಇದೆಯೆ? ಪಕ್ಕದ ಮನೆಯವರನ್ನು ಹೀಗೆ ಕೇಳುವುದು ನಮ್ಮ ಅಜ್ಜಿಯರಿಗೆ ಸಾಯುವಷ್ಟು ಸಂಕೋಚ. ಭಾಷೆಯೂ ಇಲ್ಲ. ಆದರೆ ಮಗುವನ್ನು ಕೈಹಿಡಿದು ಆ ಮನೆಯ ಬಾಗಿಲಿಗೆ ಬಿಟ್ಟುಬರುವವರು ಸಂಜೆ ನಾಲ್ಕಕ್ಕೆ ಆಫೀಸಿನಲ್ಲಿರುವ ಮಗಳಲ್ಲ, ಅಜ್ಜಿಯೇ. ಹಾಗಾಗಿ ಅಜ್ಜಿ ನೆರೆಯವರನ್ನು ಕೇಳಬೇಕಾಗಿಲ್ಲ, ಮಗಳನ್ನು ಕೇಳಬೇಕು: 'ನೀನು ಅವರನ್ನ ಕೇಳೀಯೇನವ್ವಾ?' ಇದನ್ನು ಅಜ್ಜಿಗೆ ಕಲಿಸುವುದೂ ಮುನ್ನೆಚ್ಚರಿಕೆಯ ಪಾಠವೇ.

ಇನ್ನು ಮನಸ್ಸು ಕುಸಿದ ಹುಡುಗರ ವಿಷಯ. ಸಾಲ, ಕೆಲಸ ಸಿಗದ ಅವಮಾನ, ವೀಸಾದ ಗಡುವು, ಒಂಟಿತನ. ದನಿಯಲ್ಲಿ ಆದ ಬದಲಾವಣೆ ಮೊದಲು ಗೊತ್ತಾಗುವುದು ಎಂಟು ಸಾವಿರ ಮೈಲಿ ದೂರದ ತಾಯಿಗೆ. ಅಮೆರಿಕದಲ್ಲಿ ಇಂಥ ಹೊತ್ತಿಗೆಂದು 2022ರ ಜುಲೈನಿಂದ 988 ಎಂಬ ಸಂಖ್ಯೆ ಇದೆ. ಫೋನಿನಲ್ಲಿ 240ಕ್ಕೂ ಹೆಚ್ಚು ಭಾಷೆಗಳಿಗೆ ದುಭಾಷಿಗಳ ವ್ಯವಸ್ಥೆ ಉಂಟು. ಇಲ್ಲಿ ತಾಯಿಗೆ 14416, ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ, ಬೆಂಗಳೂರಿನ ನಿಮ್ಹಾನ್ಸ್ ಮುಂದೆ ನಿಂತು ನಡೆಸುವ ಸೇವೆ. ಕನ್ನಡ, ತೆಲುಗು ಸೇರಿ 20 ಭಾಷೆಗಳಲ್ಲಿ ಮಾತಾಡಬಹುದು. ಮಗ ಫೋನ್ ಮಾಡಲು ಒಪ್ಪದಿದ್ದರೆ ತಾಯಿಯೇ ಮಾಡಿ, ಅವನೊಡನೆ ಹೇಗೆ ಮಾತಾಡಲಿ ಎಂದು ಕೇಳಬಹುದು. ಕಷ್ಟದ ಗಳಿಗೆ ದಾಟುವವರೆಗೆ ಬಂದೂಕು ಆ ಮನೆಯಿಂದ ದೂರವಿರುವಂತೆ ಗೆಳೆಯರಿಗೆ ಹೇಳುವುದು ಇದರಲ್ಲಿ ಮುಖ್ಯ. ಗುಂಡಿನಿಂದ ಪ್ರಯತ್ನಿಸಿದವರು ಬದುಕಿ ಉಳಿಯುವುದು ತೀರ ಕಡಿಮೆ. ಬೇರೆ ರೀತಿಯಲ್ಲಿ ಆ ಗಳಿಗೆ ದಾಟಿದವರಲ್ಲಿ ಬಹುಪಾಲು ಮಂದಿ ಮುಂದೆ ಬಾಳಿ ಬದುಕುತ್ತಾರೆ. ಅಪಾಯದಲ್ಲಿರುವವರಿಂದ ಬಂದೂಕನ್ನು ಸ್ವಲ್ಪಕಾಲ ತೆಗೆಸುವಂತೆ ನ್ಯಾಯಾಲಯವನ್ನು ಕೋರುವ ಕಾನೂನು ಅಮೆರಿಕದ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. 1999ರಲ್ಲಿ ಕನೆಕ್ಟಿಕಟ್ ಮೊದಲು ಮಾಡಿತು. ನಮ್ಮವರು ಕಿಕ್ಕಿರಿದಿರುವ ಟೆಕ್ಸಸಿನಲ್ಲಿ ಇಲ್ಲ, ಜಾರ್ಜಿಯಾದಲ್ಲೂ ಇಲ್ಲ. ಅಲ್ಲಿ ಗೆಳೆಯರೇ ಕಾನೂನು.

ಮೂರನೆಯದು ಫೋನು. ಇದನ್ನು ಬೇಗ ಮುಗಿಸಬಹುದು, ಆದರೆ ಒಂದೆರಡು ಕಡೆ ನಿಲ್ಲಲೇಬೇಕು.

ಹೈದರಾಬಾದು ಫೋನಿನ ಪಾಠವನ್ನು ದೇಶಕ್ಕೇ ಕಲಿಸಿದ ಊರು. 2005ರ ಆಗಸ್ಟ್ 15ರಂದು 108 ಆಂಬುಲೆನ್ಸ್ ಸೇವೆ ಶುರುವಾದದ್ದು ಇಲ್ಲಿ. ಕರ್ನಾಟಕಕ್ಕೆ ಅದು ಆರೋಗ್ಯ ಕವಚ ಎಂಬ ಹೆಸರಿನಲ್ಲಿ 2008ರ ನವೆಂಬರಿನಲ್ಲಿ ಬಂತು. ಆ ಸೇವೆ ಹಳ್ಳಿ ಹಳ್ಳಿಗೆ ಮುಟ್ಟಿದ್ದು ವ್ಯಾನಿನಿಂದ ಮಾತ್ರವಲ್ಲ. ಫೋನ್ ಎತ್ತಿದವರು ತೆಲುಗಿನಲ್ಲಿ, ಕನ್ನಡದಲ್ಲಿ ಮಾತಾಡಿದರು. 'ಹನುಮಂತನ ಗುಡಿ ದಾಟಿ, ಬೇವಿನ ಮರದ ಹತ್ತಿರ' ಎಂದರೆ ಅವರಿಗೆ ತಿಳಿಯುತ್ತಿತ್ತು.

ಅಮೆರಿಕದ 911ರಲ್ಲಿ ಬೇವಿನ ಮರ ನಡೆಯುವುದಿಲ್ಲ. ಅಲ್ಲಿ ಬೇಕಾದದ್ದು ಮನೆಯ ಸಂಖ್ಯೆ, ರಸ್ತೆಯ ಹೆಸರು, ಅಪಾರ್ಟ್‌ಮೆಂಟಿನ ಸಂಖ್ಯೆ. ಅತ್ತೆ ಮಾವ ಮನೆಗೆ ಬಂದ ದಿನವೇ ಇದನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ, ಇಂಗ್ಲಿಷ್ ಉಚ್ಚಾರದಂತೆಯೇ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಬೇಕು: 'ಟ್ವೆಲ್ವ್ ಫಾರ್ಟಿ ಮೇಪಲ್ ಸ್ಟ್ರೀಟ್' ಎಂಬಂತೆ. ಓದಿ ಹೇಳಿದರೆ ಸಾಕು, ಅರ್ಥವಾಗಬೇಕಾಗಿಲ್ಲ. ಫೋನ್ ಎತ್ತಿದವರಿಗೆ ಮೊದಲು ವಿಳಾಸ, ಆಮೇಲೆ 'ಗನ್' ಅಥವಾ 'ಆಂಬುಲೆನ್ಸ್', ಆಮೇಲೆ ಭಾಷೆಯ ಹೆಸರು. 911 ಕೇಂದ್ರಗಳು ದುಭಾಷಿಗಳನ್ನು ಫೋನಿನಲ್ಲೇ ಜೋಡಿಸಿಕೊಳ್ಳುತ್ತವೆ. ಅದಕ್ಕೆ ಸ್ವಲ್ಪ ಸಮಯ ಹಿಡಿಯುತ್ತದೆ, ಆ ಮೌನಕ್ಕೆ ಹೆದರಿ ಫೋನ್ ಇಟ್ಟುಬಿಡಬಾರದು. ಬರೀ 'ಕನ್ನಡ' ಎಂದರೆ ಆ ಕಡೆಯವರಿಗೆ ಕೆನಡಾ ಎಂದು ಕೇಳಿಸೀತು. 'ಕನ್ನಡ, ಇಂಡಿಯಾ' ಎನ್ನುವುದು ಕ್ಷೇಮ. ನೀವು ನಗುತ್ತಿದ್ದೀರಿ, ನಗುವ ವಿಷಯವೇ. ಆದರೂ ಬರೆದಿಟ್ಟುಕೊಳ್ಳಿ.

ಪೊಲೀಸರು ಎದುರಾದಾಗ ಏನು ಮಾಡಬೇಕು ಎಂಬುದು ಇದಕ್ಕೆ ಸೇರಿದ್ದೇ. 2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್ ಊರಿನಲ್ಲಿ ಮೊಮ್ಮಗನನ್ನು ನೋಡಿಕೊಳ್ಳಲು ಬಂದಿದ್ದ ಗುಜರಾತಿನ 57 ವರ್ಷದ ಹಿರಿಯರೊಬ್ಬರು ಬೆಳಿಗ್ಗೆ ರಸ್ತೆಯಲ್ಲಿ ನಡೆದುಹೋಗುತ್ತಿದ್ದರು. ಯಾರೋ ಅನುಮಾನದಿಂದ ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸರು ಕೇಳಿದ್ದು ಅವರಿಗೆ ತಿಳಿಯಲಿಲ್ಲ. ಇಂಗ್ಲಿಷ್ ಇಲ್ಲ, ಇಂಡಿಯಾ, ವಾಕಿಂಗ್ ಎಂದಷ್ಟೇ ಹೇಳಲು ಬಂತು. ಅಧಿಕಾರಿ ಅವರನ್ನು ನೆಲಕ್ಕೆ ಕೆಡವಿದ, ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲಿನ ಸ್ವಾಧೀನ ಭಾಗಶಃ ತಪ್ಪಿತು. ಗುಂಡು ಹಾರಲಿಲ್ಲ ನಿಜ. ಆದರೆ ಎದುರಿನವನ ಸೊಂಟದಲ್ಲಿ ಬಂದೂಕಿರಬಹುದು ಎಂಬ ಅಂಜಿಕೆಯಲ್ಲೇ ಅಲ್ಲಿಯ ಪೊಲೀಸರು ತರಬೇತಿ ಪಡೆದಿರುತ್ತಾರೆ. ಹಾಗಾಗಿ ಜೇಬಿಗೆ ಕೈಹಾಕಿ ಪಾಸ್‌ಪೋರ್ಟ್ ತೆಗೆಯಲು ಹೋಗಬಾರದು. ನಿಂತಲ್ಲೇ ನಿಂತು ಎರಡೂ ಅಂಗೈ ತೋರಿಸಬೇಕು, ಬೆನ್ನು ತಿರುಗಿಸಿ ನಡೆಯಬಾರದು. ತಪ್ಪು ಆ ಹಿರಿಯರದಲ್ಲ. ಆದರೆ ಹೀಗೆ ನಿಲ್ಲುವುದನ್ನು ಮಕ್ಕಳು ನಾಚಿಕೆ ಬಿಟ್ಟು ಅಂಗಳದಲ್ಲಿ ಒಮ್ಮೆ ಅಭಿನಯಿಸಿ ತೋರಿಸಬೇಕು.

ಅಂಗಡಿ, ಬಂಕುಗಳಲ್ಲಿ ದುಡಿಯುವ ಹುಡುಗರಿಗೆ ಹೇಳಬೇಕಾದದ್ದು ಒಂದೇ: ದುಡ್ಡು ಕೇಳಿದರೆ ಕೊಟ್ಟುಬಿಡು, ಓಡಬೇಡ, ಗಲ್ಲಾದ ಲೆಕ್ಕ ಮಾಲೀಕನದು. ಈ ದುಡಿಮೆಯ ಹಿಂದೆ ಯಾರೂ ಬಾಯಿಬಿಡದ ಇನ್ನೊಂದು ಭಯವಿದೆ. ವಿದ್ಯಾರ್ಥಿ ವೀಸಾದಲ್ಲಿ ಅನುಮತಿಯಿಲ್ಲದೆ ವಿಶ್ವವಿದ್ಯಾಲಯದ ಹೊರಗೆ ದುಡಿಯುವಂತಿಲ್ಲ. ಹಾಗೆ ದುಡಿಯುವವನು ಬೆದರಿಕೆ ಬಂದರೂ ಪೊಲೀಸರಿಗೆ ಹೇಳಲು ಅಂಜುತ್ತಾನೆ, ಮನೆಗೆ ಸುಳ್ಳು ಹೇಳುತ್ತಾನೆ. ತಂದೆ ಗದರಿಸಿದರೆ ಸುಳ್ಳು ಇನ್ನೂ ಗಟ್ಟಿಯಾಗುತ್ತದೆ.

ಇಲ್ಲಿ ಕಾನೂನಿನ ಒಂದು ಮಾತು ಸೇರಿಸಿ ಮುಂದೆ ಹೋಗುತ್ತೇನೆ. 1964ರ ನಾಗರಿಕ ಹಕ್ಕುಗಳ ಕಾಯ್ದೆ, 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಮಕ್ಕಳ ಪರವಾಗಿ ಬಂದ ಸುಪ್ರೀಂ ಕೋರ್ಟ್ ತೀರ್ಪು, ಇವುಗಳ ಆಧಾರದ ಮೇಲೆ 2000ದ ಆಗಸ್ಟಿನಲ್ಲಿ ಅಧ್ಯಕ್ಷ ಕ್ಲಿಂಟನ್ ಒಂದು ಆದೇಶ ಹೊರಡಿಸಿದರು. ಸರ್ಕಾರದ ನೆರವಿನಿಂದ ನಡೆಯುವ ಸೇವೆಗಳು ಇಂಗ್ಲಿಷ್ ಬಾರದವರಿಗೂ ತಿಳಿಯುವಂತಿರಬೇಕು ಎಂಬುದು ಅದರ ಸಾರ. 2025ರ ಮಾರ್ಚ್ 1ರಂದು ಇಂಗ್ಲಿಷನ್ನು ಅಧಿಕೃತ ಭಾಷೆಯೆಂದು ಸಾರಿದ ಹೊಸ ಆದೇಶ ಹಳೆಯದನ್ನು ರದ್ದುಮಾಡಿತು. ಮೂಲ ಕಾಯ್ದೆ ಇನ್ನೂ ಇದೆ, ದುಭಾಷಿಗಳೂ ಇದ್ದಾರೆ. ಆದರೆ ಕನ್ನಡದಂಥ ಭಾಷೆಯಲ್ಲಿ ಕರಪತ್ರವನ್ನು ಅಲ್ಲಿಯವರೇ ಅಚ್ಚು ಹಾಕಿಸಿಕೊಡುತ್ತಾರೆ ಎಂದು ಕಾಯುವ ಕಾಲ ಇದಲ್ಲ.

ಹಾಗಾಗಿ ಕೊನೆಯ ಭಾಗ: ಹೈದರಾಬಾದು.

1917ರಲ್ಲಿ ಈ ಊರಿನಲ್ಲಿ ದಾರ್-ಉಲ್-ತರ್ಜುಮಾ ಎಂಬ ಅನುವಾದ ಸಂಸ್ಥೆ ಹುಟ್ಟಿತು. ಮರುವರ್ಷ ಬಂದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಪಠ್ಯಗಳನ್ನು ಒದಗಿಸುವುದು ಅದರ ಕೆಲಸ. ವೈದ್ಯ, ಕಾನೂನು, ಭೌತಶಾಸ್ತ್ರ ಎಲ್ಲವನ್ನೂ ಉರ್ದುವಿಗೆ ತಂದರು. ಭಾರತದ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಡುವ ಅಂಥ ಸಾಹಸ ಆಗ ಅಪರೂಪವಾಗಿತ್ತು. ಅದರ ಬಗ್ಗೆ ನನಗೆ ಗೌರವವಿದೆ. ಆದರೆ ರಾಜ್ಯದ ಬಹುಪಾಲು ಜನರ ಮಾತು ತೆಲುಗು, ಮರಾಠಿ, ಕನ್ನಡವಾಗಿತ್ತು. ಅವರಿಗೆ ಇಂಗ್ಲಿಷೂ ಒಂದೇ, ಆ ಉರ್ದುವೂ ಒಂದೇ. ದೊಡ್ಡ ಭಾಷೆಗೆ ತಂದುಬಿಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳುವ ತಪ್ಪನ್ನು ಈ ಊರು ಒಮ್ಮೆ ಮಾಡಿ ನೋಡಿದೆ. ಇವತ್ತು ತೆಲುಗಿನಲ್ಲಿ ಕರಪತ್ರ ಮಾಡಿ ಸುಮ್ಮನಾದರೆ ಅದೇ ತಪ್ಪು. ತೆಲುಗಿನಲ್ಲಿ ಮೊದಲು ಬರಲಿ, ಸಂಖ್ಯೆ ಅವರದು ದೊಡ್ಡದು. ಜೊತೆಯಲ್ಲೇ ದಖ್ಖನಿ ಉರ್ದುವಿನಲ್ಲೂ ಕನ್ನಡದಲ್ಲೂ ಬರಬೇಕು.

ಎಲ್ಲಿ ಹಂಚಬೇಕು? ಹೋಗುವವರು ಹಾದುಹೋಗುವ ಬಾಗಿಲುಗಳು ಈ ಊರಿನಲ್ಲಿ ಬೆರಳೆಣಿಕೆಯಷ್ಟಿವೆ. ಅಮೀರ್‌ಪೇಟೆಯ ಕೋಚಿಂಗ್, ನಾನಕ್‌ರಾಮ್‌ಗೂಡದ ಅಮೆರಿಕನ್ ಕಾನ್ಸುಲೇಟಿನ ಹೊರಗಿನ ಸರತಿ, ಶಂಶಾಬಾದಿನ ವಿಮಾನ ನಿಲ್ದಾಣ. ಇವುಗಳ ಜೊತೆಗೆ ನಾನು ಚಿಲ್ಕೂರಿನ ಬಾಲಾಜಿ ಗುಡಿಯನ್ನೂ ಸೇರಿಸುತ್ತೇನೆ. ವೀಸಾ ಸಿಗಲೆಂದು 11 ಪ್ರದಕ್ಷಿಣೆ, ಸಿಕ್ಕಮೇಲೆ 108. ಆ 108ನ್ನು ಹಾಕಲು ಹುಡುಗನೊಂದಿಗೆ ತಾಯಿಯೂ ಬಂದಿರುತ್ತಾಳೆ, ಸೊಸೆಯ ಹೆರಿಗೆಗೆ ಹೊರಟ ಅತ್ತೆಯೂ ಬಂದಿರುತ್ತಾಳೆ. ಕಾನ್ಸುಲೇಟಿನ ಬಾಗಿಲಲ್ಲಿ ಎಲ್ಲರೂ ಭಯದಲ್ಲಿರುತ್ತಾರೆ, ಏನು ಕೊಟ್ಟರೂ ಓದುವುದಿಲ್ಲ. ಚಿಲ್ಕೂರಿನಲ್ಲಿ ವೀಸಾ ಕೈಯಲ್ಲಿದೆ, ಮನಸ್ಸು ನಿರಾಳ, ಹೊತ್ತೂ ಇದೆ. ಹುಂಡಿಯೇ ಇಲ್ಲದ ಗುಡಿ ಅದು. ಅಲ್ಲಿಯ ಅರ್ಚಕರು ಒಪ್ಪಿದರೆ ಇದಕ್ಕಿಂತ ಒಳ್ಳೆಯ ತರಗತಿ ಕೋಣೆ ನನಗೆ ಕಾಣುವುದಿಲ್ಲ.

ಕರಪತ್ರ ಅಂದೆ, ನಿಜಕ್ಕೂ ಬೇಕಾದದ್ದು ದನಿ. ನಮ್ಮ ಹಿರಿಯರಲ್ಲಿ ಹಲವರು ಓದುವುದಕ್ಕಿಂತ ಹೆಚ್ಚಾಗಿ ವಾಟ್ಸಾಪಿನ ದನಿ ಸಂದೇಶವನ್ನು ಕೇಳುತ್ತಾರೆ. ಮೂರು ನಿಮಿಷದ ಒಂದೊಂದು ದನಿ ಸಂದೇಶ: ಮನೆಯಲ್ಲಿ ಬಂದೂಕು ಇದೆಯೆ ಎಂದು ಕೇಳುವುದು, 911ಕ್ಕೆ ಮಾತಾಡುವುದು, ಪೊಲೀಸರ ಮುಂದೆ ನಿಲ್ಲುವುದು, ಮಗನ ದನಿ ಕುಗ್ಗಿದಾಗ ಏನು ಮಾಡುವುದು. ಬೆಂಗಳೂರಿನ ಗ್ರಂಥಸ್ಥ ಕನ್ನಡದಲ್ಲಿ ಬೇಡ. ಕಲಬುರಗಿಯ ಕನ್ನಡದಲ್ಲೊಂದು, ಮೈಸೂರು ಕಡೆಯದೊಂದು ಇರಲಿ. ಯಂತ್ರದಿಂದ ಅನುವಾದ ಮಾಡಿಸಿ ಹಾಗೆಯೇ ಕಳಿಸುವುದು ಬೇಡವೇ ಬೇಡ. ಔಷಧದ ಚೀಟಿಯಂತೆ ಇಲ್ಲೂ ಒಂದು ಪದ ತಪ್ಪಿದರೆ ಪರಿಣಾಮ ಮನೆಯವರ ಮೇಲೆ. ಬರೆದವರು ಬರೆಯಲಿ, ಒಬ್ಬ ವಕೀಲರು, ಒಬ್ಬ ಮನೋವೈದ್ಯರು ನೋಡಲಿ, ಆಮೇಲೆ ಇಂಗ್ಲಿಷ್ ಬಾರದ ಒಬ್ಬ ಅಜ್ಜಿಗೆ ಕೇಳಿಸಿ 'ಏನು ತಿಳೀತು, ಹೇಳವ್ವಾ' ಎಂದು ಕೇಳಬೇಕು. ಆಕೆ ಹೇಳಿದ್ದು ನಾವು ಬರೆದದ್ದಕ್ಕೆ ಹೊಂದದಿದ್ದರೆ ತಿದ್ದಬೇಕಾದವರು ನಾವು.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು. ಹೊರಟ ಮಗುವಿನ ಮುಂದೆ ಬಂದೂಕಿನ ಮಾತು ಅಪಶಕುನ ಎನ್ನುತ್ತಾರೆ. ಇನ್ನು ಕೆಲವರು, ಲಕ್ಷಾಂತರ ಮಂದಿ ಸುಖವಾಗಿದ್ದಾರೆ, ಏಕೆ ಹೆದರಿಸುತ್ತೀರಿ ಎನ್ನುತ್ತಾರೆ. ಎರಡನೆಯದು ನಿಜವೇ, ಬಹುಪಾಲು ಮಕ್ಕಳು ಸುಖವಾಗಿ ಓದಿ ಕೆಲಸ ಹಿಡಿಯುತ್ತಾರೆ. ಅದನ್ನೂ ಆ ಸಂದೇಶದಲ್ಲಿ ಮೊದಲ ಸಾಲಿನಲ್ಲೇ ಹೇಳಬೇಕು. ಆದರೆ ಪೆಟ್ಟಿಗೆ ಕಟ್ಟುವಾಗ ಜ್ವರದ ಮಾತ್ರೆ ಇಡಲು ನಾವು ಯಾವತ್ತೂ ಶಕುನ ನೋಡಿಲ್ಲ.

ಅಮೆರಿಕದಲ್ಲಿ ಅಕ್ಕ, ನಾವಿಕದಂಥ ಕನ್ನಡ ಕೂಟಗಳಿವೆ, ತೆಲುಗಿನವರ ತಾನಾ ಇದೆ. ಅವರ ಸ್ಮರಣ ಸಂಚಿಕೆಗಳಲ್ಲಿ ಶುಭಾಶಯದ ಜಾಹೀರಾತುಗಳ ನಡುವೆ ಒಂದು ಪುಟ ಕೇಳುವುದು ದೊಡ್ಡ ಬೇಡಿಕೆಯಲ್ಲ. ನಾನು ನಾಲ್ಕು ದನಿ ಸಂದೇಶಗಳ ಕರಡನ್ನು ಬರೆದು ಇಂದು ಕಾರ್ಯದರ್ಶಿಗಳಿಗೆ ಒಪ್ಪಿಸಿದ್ದೇನೆ. ಅಟ್ಲಾಂಟಾ, ಡಲ್ಲಾಸಿನಲ್ಲಿ ಮಕ್ಕಳಿರುವವರು ಹೊರಡುವಾಗ ಒಂದೊಂದು ಪ್ರತಿ ತೆಗೆದುಕೊಂಡು, ಅಲ್ಲಿಯ ಪದ್ಧತಿಗೆ ಹೊಂದದ್ದೇನಾದರೂ ಇದ್ದರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಕಳಿಸಿ. ಕಲಬುರಗಿ ಕನ್ನಡದ ದನಿಗೆ ಒಬ್ಬರು ಬೇಕಾಗಿದ್ದಾರೆ. ನನ್ನ ದನಿಗೆ ವಯಸ್ಸಾಗಿದೆ, ಮೇಲಾಗಿ ಅದು ಧಾರವಾಡದ್ದು.